ಗಂಟಿನ ಬುಡದಲ್ಲಿ ಹರಿಯುವ ಹಗ್ಗ

ಹರಿದ ಹಗ್ಗ ಕೈಗೆ ಸಿಕ್ಕರೆ ಎಸೆಯುವ ಮೊದಲು ಅದರ ತುದಿಯನ್ನೊಮ್ಮೆ ನೋಡಬೇಕು. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹತ್ತಿ ಇಳಿಸಿದ ಲಾರಿಯ ಹಗ್ಗವಿರಲಿ, ಮಾನ್ವಿಯ ಗದ್ದೆಯಿಂದ ಭತ್ತದ ಹುಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರಿನದಿರಲಿ, ದೇವದುರ್ಗದ ಹೊಲದಲ್ಲಿ ಬೋರ್‌ವೆಲ್ ಪಂಪು ಮೇಲೆತ್ತುವಾಗ ಕೈಕೊಟ್ಟದ್ದಿರಲಿ, ಹರಿದ ಜಾಗ ಬಹುಪಾಲು ಒಂದೇ ಆಗಿರುತ್ತದೆ. ನಡುವೆ ಎಲ್ಲೋ ಹರಿಯುವುದು ಅಪರೂಪ. ಗಂಟು ಹಾಕಿದ ಕಡೆ, ಅದೂ ಗಂಟಿನ ಒಳಹೊಟ್ಟೆಯಲ್ಲಲ್ಲ, ಭಾರ ಹೊತ್ತ ಹಗ್ಗ ಗಂಟಿನೊಳಕ್ಕೆ ನುಗ್ಗುವ ಬುಡದಲ್ಲಿಯೇ ಹರಿದಿರುತ್ತದೆ. ಹಗ್ಗದ ಜೊತೆ ಬದುಕುವ ಹಮಾಲರಿಗೂ ಒಕ್ಕಲಿಗರಿಗೂ ಇದು ಗೊತ್ತಿರುವ ಸಂಗತಿ. ಯಾಕೆ ಎಂದು ಕೇಳಿದರೆ ‘ಗಂಟು ಹಗ್ಗವನ್ನು ಕಡಿಯುತ್ತದೆ’ ಎನ್ನುತ್ತಾರೆ. ಆದರೆ ಗಂಟೂ ಹಗ್ಗವೇ. ಮೆತ್ತಗಿನ ಹಗ್ಗವನ್ನು ಅಷ್ಟೇ ಮೆತ್ತಗಿನ ಹಗ್ಗ ಕಡಿಯುವುದಾದರೂ ಹೇಗೆ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಒಗಟಿದೆ. ಹೆಬ್ಬೆರಳಿಗಿಂತ ತೆಳ್ಳಗಿನ, 12 ಮಿಲಿಮೀಟರ್ ದಪ್ಪದ ಹೆಣೆದ ಪಾಲಿಯೆಸ್ಟರ್ ಹಗ್ಗ ಹೊಸದಿದ್ದಾಗ 2 ಟನ್ನಿಗೂ ಹೆಚ್ಚಿನ ಎಳೆತವನ್ನು ತಡೆಯುತ್ತದೆ. ಅದೇ ಹಗ್ಗಕ್ಕೆ ದಿನದ ಕೆಲಸದಲ್ಲಿ 200 ರಿಂದ 400 ಕಿಲೊಗಿಂತ ಹೆಚ್ಚು ಹೇರಬೇಡಿ ಎಂದು ಬಲ್ಲವರು ಹೇಳುತ್ತಾರೆ. ಹಗ್ಗ ಹರಿಯುವ ಭಾರವನ್ನು ನಾವಿಲ್ಲಿ ‘ಹರಿಹೊರೆ’ ಎಂದು ಕರೆಯೋಣ. ಅಂಗಡಿಯ ಪಟ್ಟಿಯಲ್ಲಿ ಅದು ಬ್ರೇಕಿಂಗ್ ಲೋಡ್. ದಿನನಿತ್ಯ ನಂಬಿ ಹೇರಬಹುದಾದದ್ದು ‘ನೆಚ್ಚುಹೊರೆ’, ಅಂದರೆ ವರ್ಕಿಂಗ್ ಲೋಡ್. ಹರಿಹೊರೆಯನ್ನು 5 ರಿಂದ 12ರವರೆಗಿನ ಯಾವುದೋ ಒಂದು ಅಂಕಿಯಿಂದ ಭಾಗಿಸಿ ನೆಚ್ಚುಹೊರೆ ಹೇಳುವುದು ಹಗ್ಗದ ಉದ್ಯಮದ ವಾಡಿಕೆ. ಇದನ್ನು ಕೇಳಿದ ರೈತನಿಗೆ ಅನುಮಾನ ಬರುವುದು ಸಹಜ. ಎರಡು ಟನ್ನಿನ ಹಗ್ಗಕ್ಕೆ ದುಡ್ಡು ಕೊಟ್ಟು ಇನ್ನೂರು ಕಿಲೊ ಮಾತ್ರ ಎತ್ತಬೇಕೆಂದರೆ ಅದು ಕಾರ್ಖಾನೆಯವರ ಅಂಜಿಕೆಯೋ, ಹೆಚ್ಚು ದಪ್ಪದ ಹಗ್ಗ ಮಾರುವ ಉಪಾಯವೋ? ಎರಡೂ ಅಲ್ಲ. ಈ ಒಗಟಿನ ಉತ್ತರ ಗಂಟಿನ ಬುಡದಲ್ಲೇ ಇದೆ, ಅದನ್ನು ಹುಡುಕಲು ಹಗ್ಗದ ಒಳಗೆ ಹೋಗಬೇಕು.

ಒಂದಂಗುಲದ ಎಳೆ, ನೂರು ಮೊಳದ ಹಗ್ಗ

ರಾಯಚೂರು ಹತ್ತಿಯ ಊರು. ಗಂಜಿಗೆ ಬರುವ ಹತ್ತಿಯ ಒಂದೊಂದು ಎಳೆ ಹೆಚ್ಚೆಂದರೆ ಒಂದಂಗುಲದ ಆಸುಪಾಸು ಉದ್ದವಿರುತ್ತದೆ. ಅದನ್ನೇ ನೂತು, ಹೊಸೆದು, ಬೇಕಾದಷ್ಟು ಉದ್ದದ ಹಗ್ಗ ಮಾಡಬಹುದು. ಎಳೆಗೂ ಎಳೆಗೂ ನಡುವೆ ಅಂಟಿಲ್ಲ, ಗಂಟಿಲ್ಲ. ಆದರೂ ಎಳೆದರೆ ಹಗ್ಗ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. 1638ರಲ್ಲಿ ಗೆಲಿಲಿಯೋ ತನ್ನ ಕೊನೆಯ ದೊಡ್ಡ ಪುಸ್ತಕದ ಆರಂಭದಲ್ಲಿಯೇ ಈ ಪ್ರಶ್ನೆ ಎತ್ತಿದ್ದಾನೆ. ಎರಡು ಮೂರು ಮೊಳದ ನಾರುಗಳು ಸೇರಿ ನೂರು ಮೊಳದ ಹಗ್ಗವಾಗಿ ಅಷ್ಟು ಭಾರ ತಡೆಯುವುದು ಹೇಗೆ ಎಂಬುದು ಅಲ್ಲಿನ ಮಾತುಕತೆಯ ವಿಷಯ. ಅವನು ಕಂಡ ಉತ್ತರ ಇಂದಿಗೂ ಸರಿಯಾಗಿದೆ. ಹೊಸೆದಾಗ ನಾರುಗಳು ಒಂದನ್ನೊಂದು ಬಿಗಿಯಾಗಿ ಅಪ್ಪುತ್ತವೆ. ಎಷ್ಟು ಜೋರಾಗಿ ಎಳೆದರೆ ಅಷ್ಟು ಬಿಗಿ ಹೆಚ್ಚುತ್ತದೆ. ಕೊನೆಗೆ ನಾರು ಜಾರಿ ಹೊರಬರುವ ಬದಲು ತಾನೇ ಹರಿಯುತ್ತದೆ. ಹಗ್ಗವನ್ನು ಹಗ್ಗವನ್ನಾಗಿ ಮಾಡುವುದು ತಿಕ್ಕಾಟ. ಪುಂಡಿ ನಾರನ್ನು ನೀರಲ್ಲಿ ಕೊಳೆಹಾಕಿ, ಸುಲಿದು, ತೊಡೆಯ ಮೇಲೆ ಹೊಸೆಯುತ್ತಿದ್ದ ಕೈಗಳು ಮಾಡುತ್ತಿದ್ದದ್ದು ಇದನ್ನೇ: ಬಿಡಿ ಎಳೆಗಳ ನಡುವೆ ತಿಕ್ಕಾಟ ಹುಟ್ಟಿಸಿ, ಒಂದರ ಭಾರವನ್ನು ಪಕ್ಕದ್ದಕ್ಕೆ ದಾಟಿಸುವುದು.

ಈ ದಾಟಿಸುವಿಕೆಯೇ ಈ ಅಧ್ಯಾಯದ ಮುಖ್ಯ ಮಾತು. ಸಾವಿರಾರು ಎಳೆಗಳಿಗೆ ಭಾರ ಪಾಲಾಗಿ ಹಂಚಿಹೋದಷ್ಟು ಹೊತ್ತು ಮಾತ್ರ ಹಗ್ಗ ಗಟ್ಟಿ. ಪಾಲು ತಪ್ಪಿದ ಜಾಗದಲ್ಲಿ ಅದು ಬಡಪಾಯಿ.

ರಾಯಚೂರು ಕೋಟೆಯ ಗೋಡೆಯಲ್ಲಿ ಇದಕ್ಕೊಂದು ಒಳ್ಳೆಯ ಚಿತ್ರವಿದೆ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಬಂಡೆಯ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಆ ಬಂಡೆಯನ್ನು ಬಂಡಿಗೆ ಹೇರಿ, ಜಾನುವಾರುಗಳ ಉದ್ದನೆಯ ಸಾಲು ಕಟ್ಟಿ ಎಳೆತಂದ ದೃಶ್ಯವನ್ನು ಹತ್ತಿರದ ಕಲ್ಲಿನ ಮೇಲೆ ಗೀರಿ ತೋರಿಸಿದ್ದಾರೆ. ಅಂಥ ಸಾಲಿನಲ್ಲಿ ಎಷ್ಟು ಜೋಡಿಗಳಿವೆ ಎಂಬುದಷ್ಟೇ ಮುಖ್ಯವಲ್ಲ, ಎಲ್ಲವೂ ಒಟ್ಟಿಗೆ ಜಗ್ಗುತ್ತಿವೆಯೇ ಎಂಬುದು ಮುಖ್ಯ. ನಾಲ್ಕು ಜೋಡಿ ಜಗ್ಗಿ ನಾಲ್ಕು ಜೋಡಿ ಸಡಿಲ ಬಿಟ್ಟರೆ ಜಗ್ಗುವ ಜೋಡಿಗಳ ನೊಗ ಮುರಿಯುತ್ತದೆ. ಹಗ್ಗದ ಎಳೆಗಳೂ ಹಾಗೆಯೇ. ಒಂದು ಎಳೆ ಬಿಗಿದು ಪಕ್ಕದ್ದು ಸಡಿಲವಿದ್ದರೆ ಬಿಗಿದದ್ದು ಮೊದಲು ಹರಿಯುತ್ತದೆ. ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ, ಅವುಗಳಲ್ಲಿ ಹೆಚ್ಚು ಬಿಗಿದದ್ದು ಮುಂದಿನ ಸರದಿಗೆ ನಿಲ್ಲುತ್ತದೆ. ಎಳೆಗಳ ಬಲವನ್ನೆಲ್ಲ ಕೂಡಿಸಿದರೆ ಎಷ್ಟು ಬರುತ್ತದೋ ಅಷ್ಟು ಬಲ ಯಾವ ಹಗ್ಗಕ್ಕೂ ಎಂದಿಗೂ ಬರದಿರುವುದು ಇದರಿಂದಲೇ.

ಹೊಸೆದದ್ದು, ಹೆಣೆದದ್ದು

ಪಾಲು ಸಮವಾಗಿ ಹಂಚಲು ಮನುಷ್ಯ ಎರಡು ದಾರಿ ಕಂಡುಕೊಂಡಿದ್ದಾನೆ. ಮೊದಲನೆಯದು ಹೊಸೆಯುವುದು. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ ನೂಲು, ನೂಲುಗಳನ್ನು ಎದುರು ದಿಕ್ಕಿಗೆ ತಿರುಚಿ ಹುರಿ, ಹುರಿಗಳನ್ನು ಮತ್ತೆ ಮೊದಲಿನ ದಿಕ್ಕಿಗೆ ತಿರುಚಿ ಹಗ್ಗ. ಒಂದು ತಿರುಚು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ, ಹೀಗೆ ಒಂದಕ್ಕೊಂದು ಕಾವಲು. ಆದರೆ ಭಾರ ಹೆಚ್ಚಾದಾಗ ಈ ಕಾವಲು ಪೂರಾ ಸಾಲದು. ಬಾವಿಯಿಂದ ಸೇದುವಾಗ ತುಂಬಿದ ಬಕೆಟ್ ಗಿರಗಿರನೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಹಗ್ಗ ತನ್ನ ಹುರಿ ಬಿಚ್ಚಿಕೊಳ್ಳುತ್ತಿದೆ ಎಂದು ಅದರ ಅರ್ಥ. ಎರಡನೆಯದು ಜಡೆಯ ದಾರಿ, ಹೆಣೆಯುವುದು. ಇಲ್ಲಿ ಅರ್ಧದಷ್ಟು ಹುರಿಗಳು ಬಲಕ್ಕೆ, ಅರ್ಧದಷ್ಟು ಎಡಕ್ಕೆ ಸುತ್ತುತ್ತ, ಒಂದರ ಮೇಲೊಂದು ಕೆಳಗೊಂದು ಹಾಯುತ್ತವೆ. ಬಲದ ತಿರುಚನ್ನು ಎಡದ್ದು ಅಳಿಸುವುದರಿಂದ ತೂಗುಬಿದ್ದ ಭಾರ ತಿರುಗುವುದಿಲ್ಲ. ಕೆಲವು ಹಗ್ಗಗಳಲ್ಲಿ ಒಳಗೊಂದು ತಿರುಳು, ಹೊರಗೊಂದು ಕವಚ, ಎರಡನ್ನೂ ಬೇರೆಬೇರೆಯಾಗಿ ಹೆಣೆದಿರುತ್ತಾರೆ. ಕವಚಕ್ಕೆ ಗೀರು ಬಿದ್ದರೂ ತಿರುಳು ಉಳಿಯಲಿ ಎಂಬುದು ಒಂದು ಲಾಭ. ತಿರುಳಿಗೆ ಏನಾಗಿದೆ ಎಂದು ಹೊರಗಿನಿಂದ ಕಾಣದಿರುವುದು ಅದರ ತೊಂದರೆ.

ಎರಡೂ ದಾರಿಗಳಲ್ಲಿ ಒಂದು ಗುಟ್ಟು ಸಮಾನ. ಯಾವ ಹುರಿಯೂ ಸದಾ ಒಂದೇ ಕಡೆ ಇರುವುದಿಲ್ಲ. ಒಮ್ಮೆ ಎಡಮೈಗೆ, ಒಮ್ಮೆ ಬಲಮೈಗೆ ಬರುತ್ತ ಸಾಗುತ್ತದೆ. ಹಗ್ಗ ಬಾಗಿದಾಗ ಹೊರಮೈಯಲ್ಲಿ ಬಿಗಿದ ಹುರಿ ಮುಂದೆ ಒಳಮೈಗೆ ಬಂದು ಸಡಿಲಾಗುತ್ತದೆ. ಸಡಿಲದ್ದು ಬಿಗಿದದ್ದಕ್ಕೆ ತುಸು ಉದ್ದ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ. ಸುಮ್ಮನೆ ಜೋಡಿಸಿಟ್ಟ ಎಳೆಗಳ ಕಟ್ಟಿಗೆ ಈ ಸೌಲಭ್ಯವಿಲ್ಲ.

ಇನ್ನು ಎಳೆಯ ವಸ್ತು. 1941ರಲ್ಲಿ ಇಂಗ್ಲೆಂಡಿನ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನಂಟ್ ಡಿಕ್ಸನ್ ರೂಪಿಸಿದ ಪಾಲಿಯೆಸ್ಟರ್ ಎಳೆಯೇ ಇಂದಿನ ಸೀರೆ, ಅಂಗಿ, ಹಗ್ಗಗಳಲ್ಲಿದೆ. ನೀರಿನ ಬಾಟಲಿಯೂ ಅದೇ ವಸ್ತುವಿನದು. ಅದಕ್ಕಿಂತ ಕೆಲವೇ ವರ್ಷ ಹಿರಿಯ ನೈಲಾನ್ ಇನ್ನೂ ಗಟ್ಟಿ, ಹೆಚ್ಚು ಹಿಗ್ಗುತ್ತದೆ, ಆದರೆ ನೀರು ಕುಡಿಯುತ್ತದೆ, ನೆನೆದಾಗ ಹತ್ತರಲ್ಲೊಂದು ಪಾಲೋ ಇನ್ನೂ ಹೆಚ್ಚೋ ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ನೆನೆದರೂ ಅಷ್ಟೇ ಗಟ್ಟಿ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ನಮ್ಮ ಅಂಗಡಿಗಳಲ್ಲಿ ‘ನೈಲಾನ್ ಹಗ್ಗ’ ಎಂದು ಕೊಡುವ ಹಸಿರು, ನೀಲಿ, ಹಳದಿ ಬಣ್ಣದ ಮಿರುಗುವ ಹಗ್ಗ ಬಹಳ ಸಲ ಇವೆರಡೂ ಆಗಿರುವುದಿಲ್ಲ; ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಆಗಿರುತ್ತದೆ. ಪರೀಕ್ಷೆ ಸುಲಭ. ಗೇಣುದ್ದದ ತುಂಡನ್ನು ಬಕೆಟ್ ನೀರಲ್ಲಿ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ ಬಿಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ತೇಲುವ ಹಗ್ಗ ಕೆಟ್ಟದ್ದೇನಲ್ಲ, ಹಗುರ, ಅಗ್ಗ. ಆದರೆ ಕಾಪಿನ ಮದ್ದು ಬೆರೆಸದೆ ಮಾಡಿದ ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಸಣ್ಣ ಮಾತಲ್ಲ. ಕೈಯಾಡಿಸಿದಾಗ ಮುಳ್ಳು ಮುಳ್ಳಾದ ಪುಡಿ ಅಂಟಿದರೆ ಆ ಹಗ್ಗದ ಆಯುಷ್ಯ ಮುಗಿದಿದೆ.

ಗಂಟಿನ ಒಳಗೆ ಏನಾಗುತ್ತದೆ

ಈಗ ಬುಡದ ಪ್ರಶ್ನೆಗೆ ಬರೋಣ. 12 ಮಿಲಿಮೀಟರ್ ಹಗ್ಗವನ್ನು ಅಷ್ಟೇ ದಪ್ಪದ ಕಬ್ಬಿಣದ ಕೊಂಡಿಗೆ ಹಾಯಿಸಿ ಹಿಂದಕ್ಕೆ ತಿರುಗಿಸಿದ್ದೇವೆ ಎನ್ನಿ. ಕೊಂಡಿಗೆ ತಾಗಿದ ಒಳಮೈಯ ಎಳೆ ಸಾಗುವ ದಾರಿ ಸುಮಾರು 19 ಮಿಲಿಮೀಟರ್. ಹೊರಮೈಯ ಎಳೆಯ ದಾರಿ ಸುಮಾರು 57 ಮಿಲಿಮೀಟರ್, ಮೂರು ಪಟ್ಟು. ಪಾಲಿಯೆಸ್ಟರ್ ಹಗ್ಗವಾದರೋ ತನ್ನ ಉದ್ದದ ನೂರರಲ್ಲಿ ಹತ್ತು ಹದಿನೈದು ಪಾಲು ಹಿಗ್ಗುವಷ್ಟರಲ್ಲಿ ಹರಿದೇ ಹೋಗುತ್ತದೆ. ಅಂದಮೇಲೆ ಹೊರಮೈಯ ಎಳೆಗಳು ಉಳಿಯಬೇಕಾದರೆ ಅಕ್ಕಪಕ್ಕದಿಂದ ಉದ್ದ ಎರವಲು ಪಡೆದು ಜಾರಬೇಕು. ಭಾರವಿಲ್ಲದಾಗ ಜಾರುತ್ತವೆ. ಭಾರ ಬಿದ್ದಾಗ ಕೊಂಡಿ ಒತ್ತುತ್ತದೆ, ಮೇಲಿನ ಸುತ್ತು ಅಮುಕುತ್ತದೆ, ಎಳೆಗಳು ಅಲ್ಲಲ್ಲೇ ಬಿಗಿದು ನಿಲ್ಲುತ್ತವೆ. ಹಗ್ಗವನ್ನು ಹಿಡಿದಿಟ್ಟ ತಿಕ್ಕಾಟವೇ ಇಲ್ಲಿ ಲೆಕ್ಕ ಸರಿಹೋಗಲು ಬಿಡುವುದಿಲ್ಲ. ಹೊರಮೈಯವು ತಮ್ಮ ಪಾಲಿಗಿಂತ ಎಷ್ಟೋ ಹೆಚ್ಚು ಹೊರುತ್ತವೆ, ಒಳಮೈಯವು ಬಹುಮಟ್ಟಿಗೆ ಸುಮ್ಮನಿರುತ್ತವೆ. ಕೋಟೆಯ ಬಂಡೆ ಎಳೆದ ಸಾಲಿನಲ್ಲಿ ಅರ್ಧ ಜೋಡಿಗಳು ನಿಂತುಬಿಟ್ಟಂತೆ.

ಹಾಗಾದರೆ ಗಂಟಿನೊಳಗೆ ಎಷ್ಟೊಂದು ತಿರುವುಗಳಿವೆ, ಮೊದಲ ತಿರುವಿನಲ್ಲೇ ಯಾಕೆ ಹರಿಯಬೇಕು? ಇದಕ್ಕೆ ಉತ್ತರ ದನ ಕಟ್ಟುವ ಗೂಟದಲ್ಲಿದೆ. ಕೊಸರಾಡುವ ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಲು ನಾಲ್ಕು ಜನ ಬೇಕು. ಗೂಟಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೊಬ್ಬ ಹಿಡಿಯುತ್ತಾನೆ. ಸಾಧಾರಣ ಹಗ್ಗ, ಸಾಧಾರಣ ಗೂಟದ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತಿಗೆ ಎಳೆತ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ, ಎರಡು ಸುತ್ತಿಗೆ ಇಪ್ಪತ್ತರಲ್ಲೊಂದಕ್ಕೂ ಕಡಿಮೆ. ಗಂಟೂ ಹೀಗೆಯೇ ಕೆಲಸ ಮಾಡುತ್ತದೆ. ಒಂದೊಂದು ಸುತ್ತು ಸ್ವಲ್ಪ ಸ್ವಲ್ಪ ಎಳೆತವನ್ನು ನುಂಗಿ, ಕೊನೆಯ ಬಾಲಕ್ಕೆ ಬರುವಷ್ಟರಲ್ಲಿ ಏನೂ ಉಳಿಯದಂತೆ ಮಾಡುತ್ತದೆ. ಗಂಟು ಬಿಚ್ಚದಿರುವುದು ಅದಕ್ಕೇ. ಆದರೆ ಮೊದಲ ತಿರುವಿಗೆ ಬಂದಾಗ ಎಳೆತ ಇನ್ನೂ ಒಂದಿಷ್ಟೂ ಕರಗಿರುವುದಿಲ್ಲ. ಪೂರ್ತಿ ಭಾರ ಮತ್ತು ಇಕ್ಕಟ್ಟಿನ ತಿರುವು, ಎರಡೂ ಒಂದೇ ಕಡೆ ಕೂಡುವ ಜಾಗ ಇಡೀ ಹಗ್ಗದಲ್ಲಿ ಒಂದೇ, ಅದು ಗಂಟಿನ ಬುಡ. ಗಂಟು ಹಗ್ಗವನ್ನು ಕಡಿಯುವುದಿಲ್ಲ, ಪಾಲು ಕೆಡಿಸುತ್ತದೆ.

ಸಾಮಾನ್ಯ ಗಂಟುಗಳು ಹಗ್ಗದ ಬಲದಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ತಿನ್ನುತ್ತವೆ. ತಿರುವು ಅಗಲವಾದಷ್ಟೂ ನಷ್ಟ ಕಡಿಮೆ. ಗಂಟಿನ ಬದಲು ಹಗ್ಗದ ಹುರಿಗಳನ್ನು ಬಿಡಿಸಿ ಅದರ ಮೈಯೊಳಕ್ಕೇ ಹೆಣೆದು ಕುಣಿಕೆ ಮಾಡಿದರೆ ಹತ್ತರಲ್ಲಿ ಒಂಬತ್ತು ಪಾಲು ಬಲ ಉಳಿಯುತ್ತದೆ, ಏಕೆಂದರೆ ಅಲ್ಲಿ ಇಕ್ಕಟ್ಟಿನ ತಿರುವಿಲ್ಲ, ಭಾರ ಉದ್ದಕ್ಕೂ ಮೆಲ್ಲಮೆಲ್ಲಗೆ ದಾಟುತ್ತದೆ. ರಾಟೆಗೂ ಇದೇ ಮಾತು. ರಾಟೆಯ ಅಡ್ಡಳತೆ ಹಗ್ಗದ ದಪ್ಪದ ಎಂಟು ಪಟ್ಟಾದರೂ ಇರಲಿ ಎಂಬ ವಾಡಿಕೆ ಇದೆ. ಆಗ 12 ಮಿಲಿಮೀಟರ್ ಹಗ್ಗದ ಹೊರಮೈ ದಾರಿ ಒಳಮೈಗಿಂತ ಕಾಲುಪಾಲು ಮಾತ್ರ ಹೆಚ್ಚಿರುತ್ತದೆ, ಎಳೆಗಳ ನಡುವೆ ಹೊಂದಾಣಿಕೆ ಸಾಧ್ಯವಾಗುತ್ತದೆ.

ಎರಡು ಟನ್ ಇನ್ನೂರು ಕಿಲೊ ಆಗುವ ಬಗೆ

2,000 ಕಿಲೊ ಹರಿಹೊರೆಯ ಹಗ್ಗವೊಂದನ್ನು ತೆಗೆದುಕೊಳ್ಳೋಣ. ಆ ಅಂಕಿ ಹೊಸ ಹಗ್ಗವನ್ನು ಗಂಟಿಲ್ಲದೆ, ಮೆಲ್ಲಗೆ, ನೇರವಾಗಿ ಎಳೆದಾಗ ಬಂದದ್ದು. ಹೊಲದಲ್ಲಿ ಹಗ್ಗ ಕಲ್ಲಿನ ಅಂಚಿಗೆ ಉಜ್ಜುತ್ತದೆ. ಕೃಷ್ಣೆಯ, ತುಂಗಭದ್ರೆಯ ಮರಳು ಕಣಗಳು ಹುರಿಗಳ ಸಂದಿಗೆ ಸೇರಿ ಪ್ರತಿ ಎಳೆತಕ್ಕೂ ಒಳಗಿಂದ ಕೊಯ್ಯುತ್ತವೆ. ಒಂದೆರಡು ವರ್ಷದ ಹಗ್ಗದಲ್ಲಿ ಹತ್ತರಲ್ಲಿ ಏಳು ಪಾಲು ಬಲ ಉಳಿದಿದೆ ಎಂದಿಟ್ಟುಕೊಂಡರೆ 1,400 ಕಿಲೊ. ಗಂಟು ಅರ್ಧ ತಿಂದರೆ 700. ಎತ್ತುವಾಗ ಸಣ್ಣದೊಂದು ಜಗ್ಗು ಬಿದ್ದು ಭಾರ ಇಮ್ಮಡಿಸಿದರೆ ನಿಜವಾಗಿ ಎತ್ತಬಹುದಾದದ್ದು 350. ಭಾರವನ್ನು ಕಣ್ಣಂದಾಜಿನಲ್ಲಿ ಅಳೆದದ್ದು ಒಂದೂವರೆ ಪಟ್ಟು ತಪ್ಪಿದ್ದರೆ 230ರ ಸುಮಾರು. ಇದು ಹರಿಯುವ ಅಂಚು, ಇದರಾಚೆ ಕಾಪೆಂಬುದೇ ಉಳಿದಿಲ್ಲ. ಇಲ್ಲಿ ಯಾವುದೂ ಅತಿಯಾದ ಊಹೆಯಲ್ಲ, ಎಲ್ಲವೂ ದಿನ ಬೆಳಗಾದರೆ ನಡೆಯುವಂಥವು. ಕಷ್ಟ ಬರುವುದು ಇವು ಒಂದರ ಮೇಲೊಂದು ಗುಣಿಸಿಕೊಳ್ಳುವುದರಿಂದ. ಒಂದು ಮಾತು ಸೇರಿಸಬೇಕು: ಗಂಟಿನ ನಷ್ಟವೂ ರಾಟೆಯ ನಷ್ಟವೂ ಬೇರೆಬೇರೆ ಜಾಗದಲ್ಲಿದ್ದರೆ ಅವೆರಡು ಗುಣಿಸಿಕೊಳ್ಳುವುದಿಲ್ಲ, ಹಗ್ಗ ತನ್ನ ಅತಿ ದುರ್ಬಲ ಜಾಗದಲ್ಲಿ ಹರಿಯುತ್ತದೆ, ಉಳಿದವು ಲೆಕ್ಕಕ್ಕಿಲ್ಲ. ಹಗ್ಗ ಉದ್ದವಾದಷ್ಟೂ ಅಂಥ ಜಾಗವೊಂದು ಅದರಲ್ಲಿರುವ ಸಂಭವ ಹೆಚ್ಚು.

ಜಗ್ಗಿನ ಬಗ್ಗೆ ಹೆಚ್ಚು ಹೇಳಬೇಕು, ಅಪಾಯವೆಲ್ಲ ಅಲ್ಲಿದೆ. 60 ಕಿಲೊ ಪಂಪು ಕೈತಪ್ಪಿ ಅರ್ಧ ಮೀಟರ್ ಬಿದ್ದು, ಹಗ್ಗ ಬಿಗಿದು 5 ಸೆಂಟಿಮೀಟರಿನಲ್ಲಿ ನಿಂತಿತು ಎನ್ನಿ. ಬೀಳುವ ಹತ್ತು ಪಟ್ಟು ದೂರದಲ್ಲಿ ಗಳಿಸಿದ ವೇಗವನ್ನು ಒಂದು ಪಟ್ಟು ದೂರದಲ್ಲಿ ಕಳೆಯಬೇಕಾದ್ದರಿಂದ ಹಗ್ಗದ ಮೇಲೆ ಸರಾಸರಿ 11 ಪಟ್ಟು, ಅಂದರೆ 660 ಕಿಲೊ ಎಳೆತ ಬೀಳುತ್ತದೆ. ಆ ಕ್ಷಣದ ಗರಿಷ್ಠ ಇನ್ನೂ ಹೆಚ್ಚು. ಹೆಚ್ಚು ಹಿಗ್ಗುವ ಹಗ್ಗ ಇದನ್ನು ಮೆತ್ತಗಾಗಿಸುತ್ತದೆ, ಬೆಟ್ಟ ಹತ್ತುವವರು ನೈಲಾನ್ ಬಳಸುವುದು ಅದಕ್ಕೆ. ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಸ್ಥಿರವಾಗಿ ಹಿಡಿಯಲು ಒಳ್ಳೆಯದು, ಬೀಳುವುದನ್ನು ತಡೆಯಲು ಅಷ್ಟು ಒಳ್ಳೆಯದಲ್ಲ. ಇದರಿಂದ ಒಂದು ಉಪಯುಕ್ತ ತೀರ್ಮಾನ ಬರುತ್ತದೆ. ನೂರು ಮೀಟರ್ ಹಗ್ಗ ಇಳಿಬಿಟ್ಟಾಗ ಹಿಗ್ಗಲು ಬೇಕಾದಷ್ಟು ಉದ್ದವಿರುತ್ತದೆ, ಜಗ್ಗು ಮೆತ್ತಗಾಗುತ್ತದೆ. ಪಂಪು ಇನ್ನೂ ಬಾವಿಯ ಬಾಯಲ್ಲೇ ಇದ್ದಾಗ ಹೊರಗಿರುವ ಹಗ್ಗ ಎರಡು ಮೀಟರ್ ಮಾತ್ರ. ಕೆಲಸ ಈಗಷ್ಟೇ ಶುರುವಾಯಿತೆಂದು ಎಲ್ಲರೂ ಹಗುರವಾಗಿರುವ ಆ ಗಳಿಗೆಯೇ ಜಗ್ಗಿನ ಮಟ್ಟಿಗೆ ಅತಿ ಕಠಿಣ.

ಭಾರದ ಅಂದಾಜು ತಪ್ಪುವುದು ಕೋನದಿಂದಲೂ ಹೌದು. ಬಟ್ಟೆ ಒಣಹಾಕಲು 4 ಮೀಟರ್ ಅಗಲಕ್ಕೆ ಬಿಗಿದ ಹಗ್ಗದ ನಡುವೆ 5 ಕಿಲೊ ಒದ್ದೆ ಕಂಬಳಿ ಹಾಕಿದಾಗ ಅದು 10 ಸೆಂಟಿಮೀಟರ್ ಮಾತ್ರ ಜೋತರೆ, ಹಗ್ಗದೊಳಗಿನ ಎಳೆತ 50 ಕಿಲೊ. ಬಿಗಿಯಾಗಿ ಕಟ್ಟಿದಷ್ಟೂ ಎಳೆತ ಹೆಚ್ಚು. ಕಲ್ಲುಚಪ್ಪಡಿಯನ್ನು ಎರಡು ಕಡೆ ಹಗ್ಗ ಕಟ್ಟಿ ಎತ್ತುವಾಗ ಕೊಕ್ಕೆಯ ಬಳಿ ಎರಡು ಹಗ್ಗಗಳ ನಡುವಿನ ಕೋನ 120 ಡಿಗ್ರಿಗೆ ಅಗಲಿದರೆ ಒಂದೊಂದು ಹಗ್ಗವೂ ಚಪ್ಪಡಿಯ ಪೂರ್ತಿ ತೂಕವನ್ನು ಹೊರುತ್ತದೆ. ಎರಡಿವೆಯಲ್ಲ, ಅರ್ಧರ್ಧ ಎಂಬ ಎಣಿಕೆ ಸುಳ್ಳಾಗುತ್ತದೆ. ನೀರಿನದು ಇನ್ನೊಂದು ಬಗೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿ ಸೇತುವೆಯನ್ನು ಮುಳುಗಿಸುವ ಕೃಷ್ಣೆಯ ಸೆಳವಿನಲ್ಲಿ ಹಗ್ಗ ಹಿಡಿದು ದಾಟುವ ಯೋಚನೆ ಯಾರಿಗಾದರೂ ಬಂದರೆ ತಿಳಿದಿರಬೇಕು: ಹರಿವಿನ ವೇಗ ಇಮ್ಮಡಿಯಾದರೆ ಅದರ ಒತ್ತು ನಾಲ್ಮಡಿಯಾಗುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದ ನೀರು ನಿಂತ ಮನುಷ್ಯನ ಮೈಗೆ ಸುಮಾರು 100 ಕಿಲೊ ಒತ್ತು ಹಾಕಿದರೆ 4 ಮೀಟರ್ ವೇಗದ್ದು 400 ಕಿಲೊ ಹಾಕುತ್ತದೆ. ಸೊಂಟಕ್ಕೆ ಕಟ್ಟಿದ ಹಗ್ಗ ಆಗ ಕಾಯುವುದಿಲ್ಲ, ಹರಿಯದೆ ಹಿಡಿದುಕೊಂಡು ಮನುಷ್ಯನನ್ನು ನೀರಿನಡಿಗೆ ಅಮುಕುತ್ತದೆ.

‘ಇಷ್ಟು ವರ್ಷ ಹರಿದಿಲ್ಲವಲ್ಲ’

ಇದಕ್ಕೆ ಎದುರಾಗಿ ಬರುವ ಮೊದಲ ಮಾತು ಅನುಭವದ್ದು. ಇದೇ ಹಗ್ಗದಲ್ಲಿ ಇದಕ್ಕಿಂತ ಹೆಚ್ಚು ಎತ್ತಿದ್ದೇವೆ, ಏನೂ ಆಗಿಲ್ಲ ಎಂಬ ಮಾತು. ಅದನ್ನು ಅಲ್ಲಗಳೆಯಬೇಕಿಲ್ಲ, ನಿಜವೇ ಇರುತ್ತದೆ. ಆದರೆ ಹಿಂದೆ ತಾಳಿದ್ದು ಮುಂದೆ ತಾಳುವುದಕ್ಕೆ ಸಾಕ್ಷಿಯಾಗುವುದು ಹಗ್ಗ ಹಾಗೆಯೇ ಉಳಿದಿದ್ದರೆ ಮಾತ್ರ. ಪ್ರತಿ ಅತಿಭಾರಕ್ಕೂ ಬಿಗಿದಿದ್ದ ಕೆಲವು ಎಳೆಗಳು ಹರಿದಿರುತ್ತವೆ, ಉಳಿದವು ಅವುಗಳ ಪಾಲನ್ನೂ ಹೊತ್ತು ಸುಮ್ಮನಿರುತ್ತವೆ. ನಿನ್ನೆ ತಾಳಿದ ಹಗ್ಗ ಇಂದು ನಿನ್ನೆಗಿಂತ ಚಿಕ್ಕ ಹಗ್ಗ. ಹೀಗೆ ದೊಡ್ಡ ಭಾರ ದಾಟಿಸಿದ ಹಗ್ಗ ಒಂದು ದಿನ ಸಣ್ಣ ಭಾರಕ್ಕೆ ಹರಿದಾಗ ‘ಗಾಳಿ ಸೋಕಿತು’ ಎನ್ನುವವರಿದ್ದಾರೆ. ಸೋಕಿದ್ದು ಹಿಂದಿನ ದೊಡ್ಡ ಭಾರ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಟನ್‌ಗಟ್ಟಲೆ ತೂಕದ ಕಲ್ಲನ್ನು ಎಳೆಯುವುದನ್ನು ಸಾವಿರಾರು ಜನ ನೋಡುತ್ತಾರೆ. ಎರಡು ಟನ್ ಎಳೆಯುವುದು ಹೀಗೆ ಸಾಧ್ಯವಿರುವಾಗ ಇನ್ನೂರು ಕಿಲೊಗೆ ಇಷ್ಟೊಂದು ಲೆಕ್ಕವೇಕೆ? ನೆಲದ ಮೇಲೆ ಎಳೆಯುವುದಕ್ಕೂ ಎತ್ತುವುದಕ್ಕೂ ವ್ಯತ್ಯಾಸವಿದೆ. ಎಳೆಯುವಾಗ ಕಲ್ಲಿನ ತೂಕವನ್ನು ಹೊರುವುದು ನೆಲ. ಎಳೆಯುವವರು ಗೆಲ್ಲಬೇಕಾದದ್ದು ನೆಲದ ತಿಕ್ಕಾಟವನ್ನು, ಅದು ಸಾಮಾನ್ಯವಾಗಿ ತೂಕದ ಅರ್ಧದ ಆಸುಪಾಸು. ಬಂಡಿಗೆ ಹೇರಿದರೆ ಇನ್ನೂ ಎಷ್ಟೋ ಕಡಿಮೆ. ಕೋಟೆಯ ಬಂಡೆ ತಂದವರು ಗಾಲಿ ಹೂಡಿದ್ದು ಅದಕ್ಕೇ. ಇನ್ನೂ ಮುಖ್ಯವಾಗಿ, ಎಳೆಯುವಾಗ ಹಗ್ಗ ಹರಿದರೆ ಕಲ್ಲು ಇದ್ದಲ್ಲೇ ನಿಲ್ಲುತ್ತದೆ. ಎತ್ತುವಾಗ ಹರಿದರೆ ಕೆಳಗಿರುವವನ ಮೇಲೆ ಬರುತ್ತದೆ. ಎಳೆಯುವ ಕೆಲಸದಲ್ಲೂ ಬಿಗಿದ ಹಗ್ಗದ ನೇರಕ್ಕೆ ನಿಲ್ಲಬಾರದು, ಹರಿದ ತುದಿ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ.

ಹಿರಿಯರು ಯಾವ ಪಟ್ಟಿಯೂ ಇಲ್ಲದೆ ಕಪಿಲೆ ಬಾವಿ ನಡೆಸಲಿಲ್ಲವೇ ಎಂಬುದು ಮೂರನೆಯದು. ನಡೆಸಿದರು, ಆದರೆ ಕಾಪಿಲ್ಲದೆ ನಡೆಸಲಿಲ್ಲ. ನಾರಿನ ಹಗ್ಗ ತೋಳಿನಷ್ಟು ದಪ್ಪ, ರಾಟೆ ದೊಡ್ಡದು, ತಿರುವು ಅಗಲ. ನಾರು ಸವೆದರೆ ಕೂದಲೆದ್ದು ಕಣ್ಣಿಗೆ ಕಾಣುತ್ತದೆ, ಬಲಹೀನವಾದರೆ ಕಿರುಗುಟ್ಟುತ್ತದೆ, ಹಳತಾದರೆ ಕೊಳೆತು ತಾನೇ ಬಿಡಿಸಿಕೊಳ್ಳುತ್ತದೆ. ಕೃತಕ ಎಳೆ ಕೊಳೆಯುವುದಿಲ್ಲ, ಅಷ್ಟಾಗಿ ಸದ್ದು ಮಾಡುವುದಿಲ್ಲ, ಹೊಳಪು ಬೇಗ ಬಿಡುವುದಿಲ್ಲ. ಹಗ್ಗ ತೆಳ್ಳಗಾಗಿ ಬಲ ಹೆಚ್ಚಿತು, ಎಚ್ಚರಿಕೆಯ ಗಂಟೆ ಮಾತ್ರ ನಿಂತುಹೋಯಿತು. ಹಿರಿಯರ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಲೆಕ್ಕ ಮಾಡಬೇಕಾಗಿದೆ.

ಹಾಗಾದರೆ ದಪ್ಪ ಹಗ್ಗ ತಂದರಾಯಿತು ಎನ್ನಬಹುದು. ಅದು ಅರ್ಧ ಸರಿ. ದಪ್ಪ ಇಮ್ಮಡಿಯಾದರೆ ಬಲ ಸುಮಾರು ನಾಲ್ಮಡಿಯಾಗುತ್ತದೆ, ದೊಡ್ಡ ಲಾಭವೇ. ಆದರೆ ಅದೇ ಚಿಕ್ಕ ರಾಟೆ, ಅದೇ ಸಣ್ಣ ಕೊಂಡಿಗೆ ದಪ್ಪ ಹಗ್ಗ ಹಾಯಿಸಿದರೆ ತಿರುವು ಇನ್ನೂ ಇಕ್ಕಟ್ಟಾಗಿ ಲಾಭದ ಒಂದಷ್ಟು ಪಾಲು ಅಲ್ಲೇ ಸೋರಿಹೋಗುತ್ತದೆ. ಹಗ್ಗದ ಜೊತೆಗೆ ಕೊಂಡಿಯೂ ರಾಟೆಯೂ ಬೆಳೆಯಬೇಕು.

ಬಾವಿಯ ಬಾಯಿಯ ಎರಡು ಮೀಟರ್

ಈ ಎಲ್ಲ ಮಾತು ಒಂದೆಡೆ ಕೂಡುವುದು ಬೋರ್‌ವೆಲ್ಲಿನಲ್ಲಿ. ದೇವದುರ್ಗ, ಮಾನ್ವಿಯ ಕಾಲುವೆ ನೀರು ತಲುಪದ ಹೊಲಗಳಲ್ಲಿ ಮುಳುಗುಪಂಪು ಪೈಪಿಗೆ ತೂಗುಬಿದ್ದಿರುತ್ತದೆ, ಜೊತೆಗೊಂದು ಕಾಪಿನ ಹಗ್ಗ. ಪೈಪು ಕಳಚಿದರೆ ಪಂಪು ಉಳಿಸುವುದು ಅದೊಂದೇ. ಹಗ್ಗ ಕೊಳ್ಳುವಾಗ ಪಂಪಿನ ತೂಕ ಕೇಳುತ್ತಾರೆ, 60 ಕಿಲೊ ಎಂದು ಹೇಳಿ ಅದಕ್ಕೆ ತಕ್ಕ ಹಗ್ಗ ತರುತ್ತಾರೆ. ಆದರೆ ಎರಡಿಂಚಿನ ಪೈಪು 100 ಮೀಟರ್ ಇಳಿದಿದ್ದರೆ ಅದರೊಳಗೆ ನಿಂತ ನೀರೇ ಸುಮಾರು 200 ಕಿಲೊ. ಪೈಪಿನ ತೂಕ ಬೇರೆ. ಕೆಸರಲ್ಲಿ ಪಂಪು ಕಚ್ಚಿಕೊಂಡಿದ್ದರೆ ಬಿಡಿಸಲು ಹಾಕುವ ಜಗ್ಗು ಬೇರೆ. ಹೀಗೆ 60 ಎಂದು ಎಣಿಸಿದ್ದು 350ನ್ನು ದಾಟುತ್ತದೆ.

ಇನ್ನೂ ಒಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಬಾವಿಯೊಳಗಿನ ತೊಂಬತ್ತೆಂಟು ಮೀಟರ್ ಹಗ್ಗ ಕತ್ತಲಲ್ಲಿ, ತಂಪಿನಲ್ಲಿ ಹೊಸದರಂತೆಯೇ ಇರುತ್ತದೆ. ಬಿಸಿಲಿಗೆ ಸುಡುವುದು, ಕೇಸಿಂಗ್ ಪೈಪಿನ ಕಬ್ಬಿಣದ ಅಂಚಿಗೆ ಉಜ್ಜುವುದು ಮೇಲಿನ ಎರಡು ಮೀಟರ್ ಮಾತ್ರ. ಮೇಲಿನ ಗಂಟು ಇರುವುದೂ ಅಲ್ಲೇ. ಕೆಳಗಿನ ಎಲ್ಲದರ ತೂಕ ಪೂರ್ತಿಯಾಗಿ ಬೀಳುವುದೂ ಅಲ್ಲೇ. ಪಂಪು ಎತ್ತಿ ಹಗ್ಗವನ್ನು ನೆಲದ ಮೇಲೆ ಹರಡಿ ನೋಡಿದವರು ‘ಚೆನ್ನಾಗಿದೆ’ ಎನ್ನುವುದು ಆ ತೊಂಬತ್ತೆಂಟು ಮೀಟರನ್ನು ನೋಡಿ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಅಂಥ ಗಣಿಗಳಲ್ಲಿ ಜನರನ್ನು ಇಳಿಸುವುದು ಉಕ್ಕಿನ ತಂತಿಹಗ್ಗ. ಅದಕ್ಕೂ ಇದೇ ರೋಗವಿದೆ, ತೊಟ್ಟಿಲಿಗೆ ಕೂಡಿಸಿದ ತುದಿಯಲ್ಲಿ ಬಾಗಿ ಬಾಗಿ ಎಳೆಗಳು ಮೊದಲು ದಣಿಯುತ್ತವೆ. ಗೊತ್ತಾದ ಅವಧಿಗೊಮ್ಮೆ ಆ ತುದಿಯನ್ನು ಕತ್ತರಿಸಿ ತೆಗೆದು, ದಣಿಯದ ಭಾಗಕ್ಕೆ ಹೊಸದಾಗಿ ಕೂಡಿಸಬೇಕೆಂಬುದು ಗಣಿ ನಿಯಮ. ಮನುಷ್ಯರನ್ನು ಬಾವಿಗೆ ಇಳಿಸಲು ಅಂಗಡಿಯ ಹಗ್ಗವನ್ನು, ಅದು ಎಷ್ಟೇ ಹೊಸದಿರಲಿ, ಬಳಸಲೇಬಾರದು; ಆ ಕೆಲಸಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಹಗ್ಗವೂ ಪಟ್ಟಿಗಳೂ ಬೇರೆ ಇವೆ. ಪಂಪಿನ ಮಟ್ಟಿಗೆ ಗಣಿಯ ರೂಢಿಯನ್ನು ಯಾವ ರೈತನಾದರೂ ಹೆಚ್ಚು ಖರ್ಚಿಲ್ಲದೆ ಪಾಲಿಸಬಹುದು. ಹಗ್ಗ ಕೊಳ್ಳುವಾಗಲೇ ಹತ್ತು ಮೊಳ ಹೆಚ್ಚು ಕೊಂಡು, ಮಿಕ್ಕಿದ್ದನ್ನು ಸುತ್ತಿ ನೆರಳಲ್ಲಿ ಮುಚ್ಚಿಡಿ. ಮುಂದಿನ ಸಲ ಪಂಪು ಮೇಲೆತ್ತಿದಾಗ, ಮತ್ತೆ ಇಳಿಸುವ ಮುನ್ನ, ಬಿಸಿಲು ಕಂಡ ಮೇಲಿನ ಎರಡು ಮೀಟರನ್ನೂ ಪಂಪಿನ ಕಿವಿಗೆ ಕಟ್ಟಿದ್ದ ಹಳೆಯ ಗಂಟನ್ನೂ ಕತ್ತರಿಸಿ ಬಿಸಾಡಿ, ಹೊಸ ಜಾಗದಲ್ಲಿ ಕಟ್ಟಿ.